ಒಂದು ಬಿಲ್ಲೆಯ ಬೆಲೆ

ದೊಡ್ಡ ವಸ್ತುಗಳಿಗೆ ಲೋಕದಲ್ಲಿ ಸಲ್ಲುವ ಮರ್ಯಾದೆ ಸಣ್ಣ ವಸ್ತುಗಳಿಗೆ ಸಲ್ಲುವುದಿಲ್ಲ. ಅಣೆಕಟ್ಟನ್ನು ನೋಡಲು ನಾವು ಪ್ರವಾಸ ಹೋಗುತ್ತೇವೆ. ಅದರ ಎತ್ತರವೆಷ್ಟು, ಉದ್ದವೆಷ್ಟು ಎಂದು ಬರೆದುಕೊಳ್ಳುತ್ತೇವೆ. ಆದರೆ ಅದೇ ಅಣೆಕಟ್ಟಿನ ನೀರು ನಮ್ಮ ಬಚ್ಚಲುಮನೆಯನ್ನು ತಲಪಿದ ಮೇಲೆ ಕೊಳವೆಯ ಸಂದುಗಳಲ್ಲಿ ಸೋರದಂತೆ ಅದನ್ನು ತಡೆದಿರುವ ವಸ್ತು ಯಾವುದೆಂದು ಕೇಳಿದರೆ ಉತ್ತರ ಹೇಳುವವರು ವಿರಳ. ಅದು ಒಂದು ರೂಪಾಯಿಯ ನಾಣ್ಯಕ್ಕಿಂತಲೂ ಚಿಕ್ಕದಾದ, ನಡುವೆ ತೂತುಳ್ಳ, ರಬ್ಬರಿನ ಒಂದು ಬಿಲ್ಲೆ. ಅಂಗಡಿಯಲ್ಲಿ ಅದನ್ನು ವಾಷರ್ ಎಂದು ಕೇಳಿ ಕೊಳ್ಳುತ್ತಾರೆ. ಅದರ ಬೆಲೆ ಕೆಲವೇ ರೂಪಾಯಿಗಳು. ಈ ಪಾಠ ಆ ಬಿಲ್ಲೆಯನ್ನು ಕುರಿತದ್ದು. ಅದು ಇರಬೇಕಾದ ಸಂದನ್ನು ಕುರಿತದ್ದು. ಆ ಸಂದನ್ನು ಸರಿಪಡಿಸಬಲ್ಲ ನಮ್ಮ ಕೈಗಳನ್ನು ಕುರಿತದ್ದು.

ಈಗ ಅನೇಕ ಮನೆಗಳ ಬಚ್ಚಲಲ್ಲಿ ಕೈಯಲ್ಲಿ ಹಿಡಿದು ಸ್ನಾನ ಮಾಡುವ ಷವರು ಬಂದಿದೆ. ಗೋಡೆಯ ನಲ್ಲಿಯಿಂದ ಹೊರಟು ಷವರಿನ ಹಿಡಿಯವರೆಗೆ ಬಳುಕುವ ಒಂದು ಕೊಳವೆ ಇರುತ್ತದೆ. ಹೊರಗೆ ಹೊಳೆಯುವ ಲೋಹದ ಸುರುಳಿ, ಒಳಗೆ ರಬ್ಬರಿನದೋ ಪ್ಲಾಸ್ಟಿಕ್ಕಿನದೋ ಆದ ನಾಳ, ಎರಡು ತುದಿಗಳಲ್ಲಿ ತಿರುಗಿಸಿ ಬಿಗಿಯುವ ಎರಡು ನಟ್ಟುಗಳು, ಪ್ರತಿಯೊಂದು ನಟ್ಟಿನೊಳಗೆ ಒಂದೊಂದು ಬಿಲ್ಲೆ: ಅದರ ರಚನೆ ಇಷ್ಟೇ. ಕೆಲವು ವರ್ಷ ಬಳಸಿದ ಮೇಲೆ ಅದು ಸೋರಲು ತೊಡಗುತ್ತದೆ. ಸೋರುವ ಜಾಗವನ್ನು ಗಮನವಿಟ್ಟು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಕೊಳವೆಯ ನಡುಭಾಗ ಕೆಡುವುದು ಅಪರೂಪ. ಕೆಡುವುದು ಅದು ನಲ್ಲಿಯನ್ನೋ ಹಿಡಿಯನ್ನೋ ಸೇರುವ ಕಡೆ, ಇಲ್ಲವೆ ಆ ಸೇರುವೆಯ ಪಕ್ಕದಲ್ಲೇ, ದಿನವೂ ಬಾಗಿ ಬಾಗಿ ನಾಳ ಬಿರಿದ ಕಡೆ. ಒಂದು ವಸ್ತು ಇನ್ನೊಂದನ್ನು ಕೂಡುವ ಎಡೆಯೇ ಅದರ ದುರ್ಬಲವಾದ ಎಡೆ.

ಸೋರುವುದು ಒಂದೊಂದೇ ಹನಿಯಲ್ಲವೆ, ಅದಕ್ಕೇನು ಅವಸರ ಎಂದು ಯಾರಾದರೂ ಹೇಳಬಹುದು. ಲೆಕ್ಕ ಹಾಕೋಣ. ಕ್ಷಣಕ್ಕೊಂದು ಹನಿ, ಅಂದರೆ ಸೆಕೆಂಡಿಗೊಂದು ಹನಿ ಬೀಳುತ್ತಿದೆಯೆಂದು ಇಟ್ಟುಕೊಳ್ಳಿ. ಒಂದು ದಿನಕ್ಕೆ 86,400 ಸೆಕೆಂಡುಗಳು. ಆದ್ದರಿಂದ 86,400 ಹನಿಗಳು. ನಲ್ಲಿಯಿಂದ ಬೀಳುವ ಹನಿ ಔಷಧದ ಹನಿಗಿಂತ ದಪ್ಪ. ನಾಲ್ಕು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ ದಿನಕ್ಕೆ 21.6 ಲೀಟರ್, ಮೂವತ್ತು ದಿನಗಳಿಗೆ 648 ಲೀಟರ್ ನೀರು ಬಚ್ಚಲಿನ ತೂಬಿಗೆ ಹರಿದುಹೋಗುತ್ತದೆ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಯೋಜನೆಯು ಹಳ್ಳಿಯ ಒಬ್ಬ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರು ದೊರೆಯಬೇಕೆಂದು ಗುರಿಯಿಟ್ಟುಕೊಂಡಿತು. ಆ ಅಳತೆಯಿಂದ ನೋಡಿದರೆ ಒಂದು ನಲ್ಲಿಯ ಒಂದು ತಿಂಗಳ ಹನಿಯು ಒಬ್ಬ ಮನುಷ್ಯನ ಹನ್ನೊಂದು ದಿನಗಳಿಗೂ ಮಿಕ್ಕ ನೀರು. ಈ ಲೆಕ್ಕವನ್ನು ನಂಬಿ ಸುಮ್ಮನಿರಬೇಕಾಗಿಲ್ಲ. ಸೋರುವ ನಲ್ಲಿಯ ಕೆಳಗೆ ಒಂದು ಲೋಟವಿಟ್ಟು, ಗಡಿಯಾರ ನೋಡಿ, ನೀವೇ ಅಳೆಯಬಹುದು. ಹನಿ ಹನಿಗೂಡಿದರೆ ಹಳ್ಳ ಎಂಬ ಗಾದೆಯನ್ನು ನಾವು ಕೂಡಿಡುವವರಿಗೆ ಹೇಳುತ್ತೇವೆ. ಸೋರಗೊಡುವವರಿಗೂ ಅದು ಅಷ್ಟೇ ಸಲ್ಲುತ್ತದೆ.

ಆ ನೀರು ಎಲ್ಲಿಂದ ಬಂದಿತೆಂಬುದನ್ನೂ ನೆನೆಯಬೇಕು. ಬೆಂಗಳೂರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಒಂದು ಕಾಲದಲ್ಲಿ ಆ ಊರು ಕೆರೆ ಬಾವಿಗಳ ನೀರಿನಿಂದ ಬಾಳಿತು. 1896ರಲ್ಲಿ ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ಕೊಳವೆಯ ನೀರು ಬಂದಿತು. 1933ರಲ್ಲಿ ಅದೇ ನದಿಯ ತಿಪ್ಪಗೊಂಡನಹಳ್ಳಿ ಜಲಾಶಯದಿಂದ ಬಂದಿತು. ಊರು ಬೆಳೆದಂತೆ ಅದೂ ಸಾಲದಾಗಿ 1974ರಲ್ಲಿ ಕಾವೇರಿಯನ್ನು ಕರೆತರಲಾಯಿತು. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡ ನೀರು ಸುಮಾರು 100 ಕಿಲೋಮೀಟರ್ ದೂರ ಸಾಗಿ, ಮೂರು ಹಂತಗಳಲ್ಲಿ ಪಂಪುಗಳಿಂದ ಸುಮಾರು 500 ಮೀಟರ್ ಎತ್ತರಕ್ಕೆ ಏರಿ ನಗರವನ್ನು ಸೇರುತ್ತದೆ. ನದಿಯ ನೀರು ತಾನಾಗಿ ಬೆಟ್ಟ ಹತ್ತುವುದಿಲ್ಲ. ಹಗಲಿರುಳು ವಿದ್ಯುತ್ತನ್ನು ಸುಟ್ಟು, ಹಗಲಿರುಳು ಕೆಲಸಗಾರರು ಎಚ್ಚರವಿದ್ದು ಅದನ್ನು ಹತ್ತಿಸಬೇಕು. ಇಷ್ಟಾದರೂ 2024ರ ಬೇಸಗೆಯಲ್ಲಿ ಕೊಳವೆ ಬಾವಿಗಳು ಬತ್ತಿ, ನಗರದ ಎಷ್ಟೋ ಬಡಾವಣೆಗಳ ಜನ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತರು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಯೋಜನೆಯ ಐದನೆಯ ಹಂತ ಉದ್ಘಾಟನೆಯಾಯಿತು. ನೂರು ಕಿಲೋಮೀಟರ್ ನಡೆದು ಬಂದ ಅತಿಥಿಯನ್ನು ಬಾಗಿಲಲ್ಲಿ ಕೈಬಿಟ್ಟಂತೆ, ಅಷ್ಟು ಶ್ರಮದಿಂದ ಬಂದ ನೀರನ್ನು ಕೊನೆಯ ಒಂದು ಅಂಗುಲದಲ್ಲಿ ಬಿಟ್ಟುಬಿಡುವುದು ವಿವೇಕವಲ್ಲ.

ಸಂದುಗಳನ್ನು ಸೋರದಂತೆ ಮಾಡುವ ಪ್ರಯತ್ನ ಇಂದಿನದಲ್ಲ. ಹಂಪೆಯ ಅರಮನೆಯ ಆವರಣದಲ್ಲಿ ಕಲ್ಲಿನ ದೋಣಿಗಳನ್ನು ಒಂದಕ್ಕೊಂದು ಹೊಂದಿಸಿ ನೀರನ್ನು ಹರಿಸಿದ ಸಾಲನ್ನು ಇಂದಿಗೂ ಕಾಣಬಹುದು. ವಿಜಯಪುರದಲ್ಲಿ ಆದಿಲಶಾಹಿ ಅರಸರು ಬೇಗಂ ತಲಾಬಿನಿಂದ ಊರಿಗೆ ಮಣ್ಣಿನ ಕೊಳವೆಗಳಲ್ಲಿ ನೀರನ್ನು ತಂದರು. ಕೊಳವೆಗಳ ಸುತ್ತ ಗಾರೆಯ ಕಟ್ಟಡ ಹೊದಿಸಿ ಅವುಗಳನ್ನು ಭದ್ರಪಡಿಸಿದ್ದರು. ದಾರಿಯ ನಡುನಡುವೆ ಎತ್ತರವಾದ ನೀರಿನ ಗೋಪುರಗಳಿದ್ದವು. ನೀರಿನ ಒತ್ತಡವು ಕೊಳವೆಗಳನ್ನು ಒಡೆಯದಂತೆ ಅವು ತಡೆಯುತ್ತಿದ್ದವು. ನೀರನ್ನು ತರುವುದಕ್ಕಿಂತ ತಂದ ನೀರನ್ನು ಕೊಳವೆಯೊಳಗೇ ಉಳಿಸಿಕೊಳ್ಳುವುದು ಕಷ್ಟವೆಂಬುದು ಆ ಹಿರಿಯರಿಗೆ ತಿಳಿದಿತ್ತು.

ಲೋಹದ ಕೊಳವೆಗಳು ಬಂದ ಮೇಲೆ ಸಂದಿನ ರೀತಿ ಬದಲಾಯಿತು. ಕೊಳವೆಯ ತುದಿಯಲ್ಲಿ ತಿರುಪುಮೊಳೆಯಲ್ಲಿರುವಂತೆ ಸುರುಳಿ ಗೆರೆಗಳನ್ನು ಕೊರೆದು ಒಂದನ್ನು ಇನ್ನೊಂದರೊಳಗೆ ತಿರುಗಿಸಿ ಸೇರಿಸುವುದು ರೂಢಿಯಾಯಿತು. ಈ ಗೆರೆಗಳನ್ನು ಕೆಲಸಗಾರರು ಥ್ರೆಡ್ ಎನ್ನುತ್ತಾರೆ. ಮೊದಮೊದಲು ಪ್ರತಿಯೊಂದು ಕಾರ್ಖಾನೆಯೂ ತನಗೆ ತೋರಿದಂತೆ ಥ್ರೆಡ್ ಕೊರೆಯುತ್ತಿತ್ತು; ಒಂದು ಕಡೆಯ ನಟ್ಟು ಇನ್ನೊಂದು ಕಡೆಯ ಬೋಲ್ಟಿಗೆ ಕೂಡುತ್ತಿರಲಿಲ್ಲ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಎಂಬ ಇಂಗ್ಲೆಂಡಿನ ಯಂತ್ರಶಿಲ್ಪಿ, ಎಲ್ಲರೂ ಒಂದೇ ಅಳತೆಯನ್ನು ಅನುಸರಿಸಬೇಕೆಂದು ಸೂಚಿಸಿ, ಥ್ರೆಡ್ಡಿನ ಕೋನ 55 ಡಿಗ್ರಿ ಇರಬೇಕೆಂದು ಗೊತ್ತುಪಡಿಸಿದನು. ಆ ಕೋನವನ್ನೇ ಮುಂದೆ ಕೊಳವೆಗಳ ಥ್ರೆಡ್ಡಿಗೂ ಅಳವಡಿಸಲಾಯಿತು. ನಮ್ಮ ಬಚ್ಚಲಿನ ಷವರಿನ ಕೊಳವೆಯ ತುದಿಯಲ್ಲಿ ಇರುವುದೂ ಅದೇ ಕುಲದ ಥ್ರೆಡ್: ಅಂಗುಲಕ್ಕೆ 14 ಸುತ್ತು. ಒಂದು ಊರಿನಲ್ಲಿ ತಯಾರಾದ ನಲ್ಲಿಗೆ ಮತ್ತೊಂದು ದೇಶದಲ್ಲಿ ತಯಾರಾದ ಕೊಳವೆ ಸರಾಗವಾಗಿ ಕೂಡುವುದು ಈ ಒಪ್ಪಂದದ ಫಲ.

ಇಲ್ಲಿ ಒಂದು ಒಗಟಿದೆ. ಅಂಗಡಿಯಲ್ಲಿ ಇದನ್ನು 'ಅರ್ಧ ಇಂಚಿನ' ಥ್ರೆಡ್ ಎನ್ನುತ್ತಾರೆ. ಅರ್ಧ ಇಂಚೆಂದರೆ 12.7 ಮಿಲಿಮೀಟರ್. ಆದರೆ ನಲ್ಲಿಯ ಥ್ರೆಡ್ಡನ್ನು ಅಳೆದರೆ ಹೊರಸುತ್ತಿನ ವ್ಯಾಸ ಸುಮಾರು 21 ಮಿಲಿಮೀಟರ್ ಬರುತ್ತದೆ! ಅಳತೆ ತಪ್ಪಿತೆಂದು ಅಂಜಬೇಕಾಗಿಲ್ಲ. ಹಳೆಯ ಕಬ್ಬಿಣದ ಕೊಳವೆಗಳನ್ನು ಅವುಗಳ ಒಳಗಿನ ತೂತಿನ ಅಳತೆಯಿಂದ ಹೆಸರಿಸುತ್ತಿದ್ದರು. ದಪ್ಪವಾದ ಗೋಡೆ ಸೇರಿ ಹೊರಗಿನ ಅಳತೆ ಹೆಚ್ಚಾಗುತ್ತಿತ್ತು. ಆ ಕೊಳವೆಗಳು ಹೋದವು, ಹೆಸರು ಉಳಿಯಿತು. ಇದನ್ನು ತಿಳಿಯದೆ ಅಳತೆಪಟ್ಟಿ ಹಿಡಿದು ಅಂಗಡಿಗೆ ಹೋದವರು ಬೇರೆ ವಸ್ತುವನ್ನೇ ತರುವುದುಂಟು. ಹಳೆಯ ಕೊಳವೆಯನ್ನೇ ಬಿಚ್ಚಿ ಕೈಯಲ್ಲಿ ಒಯ್ಯುವುದು ಎಲ್ಲಕ್ಕಿಂತ ಸುಲಭವಾದ ಉಪಾಯ.

ಥ್ರೆಡ್ ಎಷ್ಟೇ ನಯವಾಗಿದ್ದರೂ ಲೋಹಕ್ಕೂ ಲೋಹಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ನೀರಿಗೆ ಅಷ್ಟೇ ಸಾಕು. ಅದನ್ನು ಮುಚ್ಚಲು ಎರಡು ವಿಧಾನಗಳಿವೆ. ಮೊದಲನೆಯದು ಥ್ರೆಡ್ಡನ್ನೇ ತುಂಬುವುದು. ಗೋಡೆಯ ಕೊಳವೆಗೆ ನಲ್ಲಿಯನ್ನು ಕೂಡಿಸುವಾಗ ಈ ವಿಧಾನವನ್ನು ಅನುಸರಿಸುತ್ತಾರೆ. ಹಿಂದೆ ನಾರಿಗೆ ಬಣ್ಣದ ಸರಿ ಬಳಿದು ಥ್ರೆಡ್ಡಿನ ಮೇಲೆ ಸುತ್ತುತ್ತಿದ್ದರು. ಈಗ ಟೆಫ್ಲಾನ್ ಟೇಪು ಎಂಬ ಬಿಳಿಯ ತೆಳುಪಟ್ಟಿಯನ್ನು ಸುತ್ತುತ್ತಾರೆ. 1938ರಲ್ಲಿ ರಾಯ್ ಪ್ಲಂಕೆಟ್ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞನು ಶೀತಕಯಂತ್ರಗಳಿಗೆ ಬೇಕಾದ ಅನಿಲಗಳನ್ನು ಸಂಶೋಧಿಸುತ್ತಿದ್ದಾಗ, ಉರುಳೆಯೊಂದರಲ್ಲಿ ಅನಿಲಕ್ಕೆ ಬದಲಾಗಿ ಜಾರುವ ಬಿಳಿಯ ಪುಡಿಯನ್ನು ಕಂಡನು. ಅದೇ ಟೆಫ್ಲಾನ್. ಎರಡನೆಯ ವಿಧಾನ ಬಿಲ್ಲೆಯದು. ಷವರಿನ ಕೊಳವೆಯ ನಟ್ಟಿನಲ್ಲಿ ಥ್ರೆಡ್ಡಿನ ಕೆಲಸ ನೀರನ್ನು ತಡೆಯುವುದಲ್ಲ, ಬಿಲ್ಲೆಯನ್ನು ಒತ್ತಿ ಹಿಡಿಯುವುದು ಮಾತ್ರ. ಮೆತ್ತನೆಯ ರಬ್ಬರು ಒತ್ತಡಕ್ಕೆ ಸಿಕ್ಕಿ ಎರಡು ಲೋಹದ ಮುಖಗಳ ಸಣ್ಣಪುಟ್ಟ ಉಬ್ಬುತಗ್ಗುಗಳಲ್ಲಿ ತುಂಬಿಕೊಳ್ಳುತ್ತದೆ. ನೀರಿಗೆ ದಾರಿ ಉಳಿಯುವುದಿಲ್ಲ. ಈ ಭೇದವನ್ನು ಅರಿಯದವರು, ಬಿಲ್ಲೆ ಒಣಗಿ ಗಟ್ಟಿಯಾದ ನಟ್ಟಿಗೆ ಟೇಪಿನ ಮೇಲೆ ಟೇಪು ಸುತ್ತುತ್ತಾರೆ. ಸೋರುವುದು ನಿಲ್ಲುವುದಿಲ್ಲ. ರೋಗ ಒಂದು ಕಡೆ, ಲೇಪ ಇನ್ನೊಂದು ಕಡೆ!

ಇನ್ನು ಕೊಳವೆಯನ್ನು ಬದಲಿಸುವ ಕ್ರಮವನ್ನು ನೋಡೋಣ. ಮನೆಯ ಹಿರಿಯರೊಬ್ಬರನ್ನು ಜೊತೆಗಿಟ್ಟುಕೊಂಡು ಯಾವ ವಿದ್ಯಾರ್ಥಿಯಾದರೂ ಮಾಡಬಹುದಾದ ಕೆಲಸವಿದು.

ಮೊದಲು ಗೋಡೆಯ ನಲ್ಲಿಯನ್ನು ಪೂರ್ತಿ ನಿಲ್ಲಿಸಿ, ಷವರನ್ನು ತೆರೆದು ಕೊಳವೆಯೊಳಗೆ ಉಳಿದ ನೀರನ್ನು ಹರಿಯಬಿಡಬೇಕು. ಬಚ್ಚಲಿನ ತೂಬಿನ ಮೇಲೆ ಒಂದು ಬಟ್ಟೆ ಹಾಸಬೇಕು. ಇಲ್ಲವಾದರೆ ಜಾರಿದ ಬಿಲ್ಲೆ ನೇರವಾಗಿ ಚರಂಡಿ ಸೇರುತ್ತದೆ. ಅನಂತರ ಒಂದು ಕೈಯಲ್ಲಿ ನಲ್ಲಿಯನ್ನು ಅಲುಗದಂತೆ ಹಿಡಿದು ಮತ್ತೊಂದು ಕೈಯಿಂದ ನಟ್ಟನ್ನು ಬಿಚ್ಚಬೇಕು. ನಲ್ಲಿಯ ಬಾಯಿ ಕೆಳಮುಖವಾಗಿರುವುದರಿಂದ ಇಲ್ಲಿ ದಿಕ್ಕು ತಪ್ಪುವುದು ಸಹಜ. ಕೆಳಗಿನಿಂದ, ಅಂದರೆ ನಟ್ಟಿನ ಕಡೆಯಿಂದ ನೋಡುವಾಗ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿದರೆ ಬಿಚ್ಚುತ್ತದೆ. ಮೇಲಿನಿಂದ ನೋಡುವವನಿಗೆ ಅದೇ ಚಲನೆ ವಿರುದ್ಧವಾಗಿ ಕಾಣುತ್ತದೆ. ಎಷ್ಟೋ ನಟ್ಟುಗಳು ಬಿಚ್ಚಲಾರದಷ್ಟು ಬಿಗಿಯಾಗುವುದು ತುಕ್ಕಿನಿಂದಲ್ಲ, ಈ ದಿಗ್ಭ್ರಮೆಯಿಂದ. ಸ್ಪ್ಯಾನರ್ ಬೇಕಾದರೆ ನಟ್ಟಿಗೆ ಬಟ್ಟೆ ಸುತ್ತಿ ಹಿಡಿಯಬೇಕು. ಹೊಳಪು ಬರಿಯ ಲೇಪ. ಒಳಗಿರುವುದು ಸಾಮಾನ್ಯವಾಗಿ ತಾಮ್ರ ಸತುಗಳು ಬೆರೆತ ಹಿತ್ತಾಳೆ.

ಬಿಚ್ಚಿದ ಮೇಲೆ ನಲ್ಲಿಯ ಥ್ರೆಡ್ಡನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಶುಚಿಮಾಡಬೇಕು. ಹಳೆಯ ಬಿಲ್ಲೆಯ ಚೂರು ಒಳಗೆ ಅಂಟಿಕೊಂಡಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಬೇಕು. ಹಳೆಯದರ ಮೇಲೆ ಹೊಸದನ್ನು ಕೂರಿಸಿದರೆ ಎರಡೂ ಕೆಲಸ ಮಾಡುವುದಿಲ್ಲ. ಕೊಳವೆ ಬಿರಿದಿಲ್ಲದೆ ಬಿಲ್ಲೆ ಮಾತ್ರ ಕೆಟ್ಟಿದ್ದರೆ ಬಿಲ್ಲೆಯನ್ನಷ್ಟೇ ಬದಲಿಸಿದರೆ ಸಾಕು, ಕೊಳವೆಯನ್ನು ಎಸೆಯಬೇಕಾಗಿಲ್ಲ. ಹೊಸ ಬಿಲ್ಲೆಯನ್ನು ಮಡಿಸದೆ, ಓರೆಯಾಗದೆ, ನಟ್ಟಿನ ತಳದಲ್ಲಿ ಚಪ್ಪಟೆಯಾಗಿ ಕೂರಿಸಬೇಕು. ನಟ್ಟನ್ನು ನಲ್ಲಿಗೆ ಒತ್ತಿ ಮೊದಲು ಬಿಚ್ಚುವ ದಿಕ್ಕಿಗೇ ನಿಧಾನವಾಗಿ ತಿರುಗಿಸಿ. ಥ್ರೆಡ್ಡುಗಳ ಬಾಯಿ ಎದುರುಬದುರಾದಾಗ ಸಣ್ಣದಾಗಿ ಒಂದು 'ಟಕ್' ಎಂಬ ಸದ್ದಾಗುತ್ತದೆ. ಆಗ ದಿಕ್ಕು ಬದಲಿಸಿ ಬಿಗಿಯಬೇಕು. ನಟ್ಟು ಬೆರಳುಗಳಿಗೇ ಸಲೀಸಾಗಿ ತಿರುಗಬೇಕು. ಮೊದಲ ಸುತ್ತಿಗೇ ಬಲ ಬೇಕಾದರೆ ಥ್ರೆಡ್ ಅಡ್ಡಲಾಗಿ ಸಿಕ್ಕಿದೆ ಎಂದೇ ಅರ್ಥ. ಕೂಡಲೆ ಬಿಚ್ಚಿ ಮತ್ತೆ ಆರಂಭಿಸಬೇಕು. ಕೈಯಿಂದ ಬಿಗಿಯುವಷ್ಟು ಬಿಗಿದು, ಅನಂತರ ಸ್ಪ್ಯಾನರಿನಿಂದ ಕಾಲು ಸುತ್ತು ತಿರುಗಿಸಿದರೆ ಮುಗಿಯಿತು.

ಆ ಕಾಲು ಸುತ್ತಿನಲ್ಲಿಯೇ ಕೆಲಸದ ಹದವಿದೆ. ಕಡಮೆಯಾದರೆ ಬಿಲ್ಲೆ ಸಂದನ್ನು ತುಂಬುವುದಿಲ್ಲ; ಹೆಚ್ಚಾದರೆ ಅದು ನಜ್ಜುಗುಜ್ಜಾಗಿ ಹರಿಯುತ್ತದೆ. ಹೊಸದಾಗಿ ಕೆಲಸಕ್ಕೆ ಕೈಹಾಕಿದವನು ಸೋರಬಾರದೆಂಬ ಆತುರದಿಂದ ಇದ್ದ ಬಲವನ್ನೆಲ್ಲ ಹಾಕುತ್ತಾನೆ. ಅನುಭವಿಯಾದ ಕೆಲಸಗಾರನು ನಿಲ್ಲಿಸಬೇಕಾದ ಕಡೆ ನಿಲ್ಲಿಸುತ್ತಾನೆ. ಕೊನೆಗೆ ನೀರನ್ನು ಮೆಲ್ಲಗೆ ಬಿಟ್ಟು, ನಟ್ಟಿನ ಸುತ್ತ ಒಣಗಿದ ಕಾಗದದ ಚೂರನ್ನು ಒತ್ತಿ ನೋಡಬೇಕು. ಕಣ್ಣಿಗೆ ಕಾಣದ ಸೋರಿಕೆಯನ್ನು ಕಾಗದ ಹೇಳುತ್ತದೆ.

ಹೊಸ ಕೊಳವೆ ಬಹುಕಾಲ ಬಾಳಬೇಕಾದರೆ ಒಂದು ಅಭ್ಯಾಸ ಬೇಕು. ಸ್ನಾನವಾದ ಮೇಲೆ ಹಿಡಿಯ ಗುಂಡಿಯನ್ನಷ್ಟೇ ಮುಚ್ಚಿ ಗೋಡೆಯ ನಲ್ಲಿಯನ್ನು ತೆರೆದಿಟ್ಟರೆ, ತೊಟ್ಟಿಯ ನೀರಿನ ಭಾರವೆಲ್ಲ ಹಗಲಿರುಳು ಕೊಳವೆಯ ಮೇಲೆ ಬಿದ್ದಿರುತ್ತದೆ. ತೊಟ್ಟಿಯು ಹತ್ತು ಮೀಟರ್ ಮೇಲಿದ್ದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ ಒತ್ತಡ. ಗೋಡೆಯ ನಲ್ಲಿಯನ್ನೇ ನಿಲ್ಲಿಸಿದರೆ ಕೊಳವೆಗೆ ವಿಶ್ರಾಂತಿ. ಷವರಿನ ತೂತುಗಳು ಕಟ್ಟಿಕೊಂಡರೆ ಅದಕ್ಕೆ ಕೊಳವೆ ಬಾವಿಯ ಗಡಸು ನೀರು ಕಾರಣ. ಆ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಒಣಗಿ ಬಿಳಿಯ ಹಕ್ಕಳೆಯಾಗುತ್ತವೆ. ಷವರಿನ ಮುಖವನ್ನು ಕೆಲವು ಹೊತ್ತು ನಿಂಬೆಯ ರಸದಲ್ಲಿ ನೆನೆಯಿಟ್ಟರೆ ಹಕ್ಕಳೆ ಗುಳ್ಳೆಯೆದ್ದು ಕರಗುತ್ತದೆ. ರಸಾಯನಶಾಸ್ತ್ರದ ಪಾಠದಲ್ಲಿ ಆಮ್ಲವೂ ಕಾರ್ಬೊನೇಟೂ ಸೇರಿದಾಗ ಇಂಗಾಲದ ಡೈಆಕ್ಸೈಡ್ ಹೊರಡುವುದೆಂದು ಓದಿದ್ದು ಇಲ್ಲಿ ಕಣ್ಣೆದುರಿಗೇ ನಡೆಯುತ್ತದೆ.

ಒಂದು ಎಚ್ಚರಿಕೆಯ ಮಾತು. ನೀರು ಕಾಯಿಸುವ ಗೀಸರಿಗೆ ಸೇರಿದ ಕೊಳವೆಗಳಿಗೆ ವಿದ್ಯಾರ್ಥಿಗಳು ಕೈಹಾಕಬಾರದು. ಅಲ್ಲಿ ವಿದ್ಯುತ್ತೂ ಕುದಿನೀರೂ ಒಟ್ಟಿಗಿವೆ. ಗೋಡೆಯೊಳಗಿನ ಕೊಳವೆ ಸೋರಿದರೂ ಅದು ಪರಿಣತರ ಕೆಲಸ. ತನ್ನ ಕೈಲಾಗುವುದನ್ನು ಮಾಡುವುದು ಹೇಗೆ ಗುಣವೋ ಕೈಲಾಗದ್ದನ್ನು ಬಲ್ಲವರಿಗೆ ಬಿಡುವುದೂ ಹಾಗೆಯೇ ಗುಣ.

ಆ ಬಲ್ಲವರನ್ನು ನಾವು ಹೇಗೆ ಕಾಣುತ್ತೇವೆ? ಪ್ಲಂಬರ್ ಎಂಬ ಮಾತು ಸೀಸವೆಂಬ ಅರ್ಥದ 'ಪ್ಲಂಬಮ್' ಎಂಬ ಲ್ಯಾಟಿನ್ ಪದದಿಂದ ಬಂದಿತು. ಸೀಸಕ್ಕೆ ರಸಾಯನಶಾಸ್ತ್ರದಲ್ಲಿ ಪಿ, ಬಿ ಎಂಬ ಎರಡಕ್ಷರಗಳ ಸಂಕೇತ ಬಂದದ್ದೂ ಅಲ್ಲಿಂದಲೇ. ರೋಮನರು ಸೀಸದ ಕೊಳವೆಗಳಲ್ಲಿ ನೀರು ಹರಿಸುತ್ತಿದ್ದರು. ಎರಡು ಸಾವಿರ ವರ್ಷಗಳ ಹಿಂದಿನ ಕಸುಬಿನ ಹೆಸರನ್ನು ಹೊತ್ತವರು ಇಂದು ನಮ್ಮ ಮನೆಯ ಹಿತ್ತಲ ಬಾಗಿಲಿಂದ ಬಂದು, ಕೆಸರಿನಲ್ಲಿ ಕುಳಿತು, ಕೆಲಸ ಮುಗಿಸಿ, ಕೂಲಿಗಾಗಿ ಚೌಕಾಸಿಯ ಮಾತು ಕೇಳಿ ಹೋಗುತ್ತಾರೆ. ಒಮ್ಮೆ ನಮ್ಮ ಕೈಯಿಂದಲೇ ಒಂದು ನಟ್ಟನ್ನು ಬಿಚ್ಚಿ ಬಿಗಿದು ನೋಡಿದರೆ, ಆ ಕೂಲಿಯಲ್ಲಿ ಎಷ್ಟು ವರ್ಷಗಳ ತಿಳಿವಳಿಕೆ ಸೇರಿದೆಯೆಂಬುದು ಅರ್ಥವಾಗುತ್ತದೆ. ಈ ಕೆಲಸ ಗಂಡುಮಕ್ಕಳದು, ಆ ಕೆಲಸ ಹೆಣ್ಣುಮಕ್ಕಳದು ಎಂಬ ವಿಂಗಡಣೆಗೂ ಇಲ್ಲಿ ಎಡೆಯಿಲ್ಲ. ನಟ್ಟಿಗೆ ಬೇಕಾದದ್ದು ಹದವರಿತ ಕೈ. ಅದು ಯಾರದಾದರೂ ಆಗಬಹುದು.

ರಸ್ತೆಯಲ್ಲಿ ದೊಡ್ಡ ಕೊಳವೆ ಒಡೆದು ನೀರು ಹೊಳೆಯಾಗಿ ಹರಿಯುತ್ತಿರುವಾಗ ನಮ್ಮ ಬಚ್ಚಲಿನ ಹನಿಗೆ ಏನು ಲೆಕ್ಕ ಎಂಬ ಪ್ರಶ್ನೆ ಬರಬಹುದು. ಪ್ರಶ್ನೆ ನ್ಯಾಯವಾದದ್ದೇ. ಊರಿನ ಕೊಳವೆಗಳನ್ನು ಸರಿಯಾಗಿ ಇಡುವುದು ನೀರು ಸರಬರಾಜಿನ ಅಧಿಕಾರಿಗಳ ಹೊಣೆ. ನಮ್ಮ ಮನೆಯ ದುರಸ್ತಿಯಿಂದ ಆ ಹೊಣೆ ಕಡಮೆಯಾಗುವುದಿಲ್ಲ. ಆದರೆ ರಸ್ತೆಯ ಕೊಳವೆ ಸೋರುವುದೂ ಬಹುಮಟ್ಟಿಗೆ ಸಂದುಗಳಲ್ಲಿಯೇ, ಯಾರೋ ನೋಡಿಯೂ ನೋಡದಂತೆ ಹೋದುದರಿಂದಲೇ. ಮನೆಯ ಹನಿಯನ್ನು ಲೆಕ್ಕಹಾಕಿ ನಿಲ್ಲಿಸಲು ಕಲಿತವನು ರಸ್ತೆಯ ಸೋರಿಕೆಯನ್ನು ಕಂಡು ಸುಮ್ಮನೆ ದಾಟಿಹೋಗಲಾರ. ಸಂಬಂಧಪಟ್ಟವರಿಗೆ ತಿಳಿಸುತ್ತಾನೆ, ಸರಿಯಾಗುವವರೆಗೆ ಕೇಳುತ್ತಾನೆ. ಹಾಗೆ ಕೇಳುವ ಧೈರ್ಯ ಅವನಿಗೆ ಸಲ್ಲುತ್ತದೆ.

ಇಂದು ಸಂಜೆ ಮನೆಗೆ ಹೋದಾಗ ಬಚ್ಚಲಿನಲ್ಲಿ, ಅಡುಗೆಮನೆಯಲ್ಲಿ, ಹಿತ್ತಲಿನಲ್ಲಿ ಒಂದು ಕ್ಷಣ ಕಿವಿಗೊಟ್ಟು ನಿಲ್ಲಿ. ಹನಿಯ ಸದ್ದು ಕೇಳಿಸಿದರೆ ಅದು ಬೀಳುವ ಕಡೆ ಒಂದು ಲೋಟವನ್ನಿಡಿ. ಮರುದಿನ ಅಂಗಡಿಯಿಂದ ಬಿಲ್ಲೆಯನ್ನು ತನ್ನಿ.

ಅಭ್ಯಾಸ

1. ಷವರಿನ ಕೊಳವೆ ಸಾಮಾನ್ಯವಾಗಿ ಯಾವ ಭಾಗದಲ್ಲಿ ಕೆಡುತ್ತದೆ? ಏಕೆ?
2. 'ಅರ್ಧ ಇಂಚಿನ' ಥ್ರೆಡ್ಡಿನ ಹೊರ ವ್ಯಾಸ ಸುಮಾರು 21 ಮಿಲಿಮೀಟರ್ ಇರುವುದಕ್ಕೆ ಕಾರಣವೇನು?
3. ಸಂದನ್ನು ಮುಚ್ಚುವ ಎರಡು ವಿಧಾನಗಳಿಗಿರುವ ವ್ಯತ್ಯಾಸವನ್ನು ವಿವರಿಸಿ.
4. 'ಆ ಕಾಲು ಸುತ್ತಿನಲ್ಲಿಯೇ ಕೆಲಸದ ಹದವಿದೆ.' ಸಂದರ್ಭ ಸಹಿತ ವಿವರಿಸಿ.
5. ಹತ್ತು ಸೆಕೆಂಡಿಗೆ ಮೂರು ಹನಿ ಬೀಳುವ ನಲ್ಲಿಯಿಂದ ಒಂದು ವಾರದಲ್ಲಿ ಎಷ್ಟು ಲೀಟರ್ ನೀರು ಪೋಲಾಗುತ್ತದೆ? ಪಾಠದಲ್ಲಿ ಹೇಳಿದ ಹನಿಯ ಅಳತೆಯನ್ನು ಬಳಸಿ ಲೆಕ್ಕಮಾಡಿ.
6. ನಿಮ್ಮ ಊರಿನ ನಲ್ಲಿ ಕೆಲಸಗಾರರೊಬ್ಬರನ್ನು ಕಂಡು ಮಾತನಾಡಿಸಿ, ಅವರು ಕೆಲಸ ಕಲಿತ ಬಗೆಯನ್ನು ಒಂದು ಪುಟಕ್ಕೆ ಮೀರದಂತೆ ಬರೆಯಿರಿ.